ಸೋತವನಿಗೆ ಕುರ್ಚಿ

ಗೆದ್ದವನಿಗೆ ಕುರ್ಚಿ ಸಿಗುವುದು ರಾಜಕೀಯದಲ್ಲಿ. ಲೂಗೋ ಪಟ್ಟಣದ ಹೊರಗಿನ ಪಿಯೋಪ್ಪಿ ಟೆನಿಸ್ ಕ್ಲಬ್ಬಿನಲ್ಲಿ ಮಾತ್ರ ಸೋತವನಿಗೇ ಕುರ್ಚಿ. ಆಟ ಮುಗಿಯಿತೋ, ಗೆದ್ದವನು ಬಾರಿಗೆ ಹೋಗಿ ತಣ್ಣಗೆ ಏನಾದರೂ ಕುಡಿಯಬಹುದು. ಸೋತವನು ಬೆವರು ಒರೆಸಿಕೊಂಡು, ಅಂಕಣದ ಪಕ್ಕದ ಎತ್ತರದ ಕಬ್ಬಿಣದ ಕುರ್ಚಿ ಹತ್ತಿ, ಮುಂದಿನ ಆಟಕ್ಕೆ ಅಂಪೈರ್ ಆಗಬೇಕು. ಹೊರಗಿನಿಂದ ಅಂಪೈರನ್ನು ಕರೆಸುವ ಶಕ್ತಿ ಕ್ಲಬ್ಬಿಗೆ ಎಂದೂ ಇರಲಿಲ್ಲ. ಸೋಲುವವರಿಗಂತೂ ಎಂದೂ ಬರವಿರಲಿಲ್ಲ.

ಏಪ್ರಿಲ್ ಕೊನೆಯ ಆ ಭಾನುವಾರ ಕುರ್ಚಿಗೆ ಅರ್ಹನಾದವನು ನೇರಿಯೋ ರವಾಯೋಲಿ. ಬೆಳಿಗ್ಗೆ ಹಿರಿಯರ ಪಂದ್ಯದಲ್ಲಿ, ಎರಡೂ ಮಂಡಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ ಬ್ಯಾಂಕ್ ಗುಮಾಸ್ತನೊಬ್ಬನ ಕೈಯಲ್ಲಿ ಮಣ್ಣು ಮುಕ್ಕಿದ್ದ. ಪಿಯೋಪ್ಪಿಯ ಅಂಕಣಗಳೆಲ್ಲ ಕೆಂಪು ಮಣ್ಣಿನವೇ ಆದ್ದರಿಂದ ಇದು ಬರೀ ಮಾತಿಗೆ ಹೇಳಿದ್ದಲ್ಲ. ಒಂದು ಚೆಂಡಿಗೆ ಹಾರಿ ಬಿದ್ದಾಗ ಅವನ ಹಲ್ಲಿನಲ್ಲೂ ಮಣ್ಣು ಸೇರಿತ್ತು.

ನೇರಿಯೋ ಎಂಬ ಹೆಸರಿನಲ್ಲಿ ನೇರ ಎಂಬುದು ಸೇರಿಕೊಂಡಿದ್ದರೂ ಅವನ ಕಸುಬು ಪೈಪು ಬಗ್ಗಿಸುವುದು. ಊರಿನ ಅರ್ಧ ಬಚ್ಚಲುಗಳಿಗೆ ಅವನೇ ವೈದ್ಯ. ಇಪ್ಪತ್ತರ ಹರೆಯದಲ್ಲಿ ಜಿಲ್ಲೆಗೇ ದೊಡ್ಡ ಆಟಗಾರ ಎನ್ನಿಸಿಕೊಂಡಿದ್ದ. ಇನ್ನೂ ಮೇಲಕ್ಕೆ ಹೋಗುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದಾಗ ಅವನ ಅಪ್ಪ ಅಟ್ಟದ ನೀರಿನ ತೊಟ್ಟಿಯ ಕೆಳಗೆ ಬೆನ್ನು ಮುರಿದುಕೊಂಡ. ಕೊಳಾಯಿ ಅಂಗಡಿ ಮಗನ ತಲೆಗೆ ಬಂತು. ಮದುವೆಯ ವಯಸ್ಸು ಸಂಜೆ ಟೆನಿಸ್ಸಿನಲ್ಲಿ, ಹಗಲು ಪಾನಾ ಹಿಡಿದು ಕಳೆದುಹೋಯಿತು. ನಲ್ಲೆ ಸಿಗದವನು ನಲ್ಲಿಗೇ ಜೋತುಬಿದ್ದ ಎಂದು ಬಾರಿನಲ್ಲಿ ಇಸ್ಪೀಟು ಆಡುವವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಅಕ್ಕ ಒರಿಯೆಲ್ಲಾಳ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ಅವನ ವಾಸ.

ಒರಿಯೆಲ್ಲಾ ಸಮುದ್ರದ ಕಡೆಗೆ ಹೋಗುವ ರಸ್ತೆಯಲ್ಲಿ ಪಿಯಾದೀನ ರೊಟ್ಟಿಯ ಗೂಡಂಗಡಿ ಇಟ್ಟುಕೊಂಡಿದ್ದಳು. ಅವಳ ಗಂಡ ಸಿಗರೇಟು ತರುತ್ತೇನೆಂದು ಹೊರಟವನು ರಿಮಿನಿಯಲ್ಲಿ ಇನ್ನೊಂದು ಸಂಸಾರ ಹೂಡಿ, ಅಲ್ಲಿ ಸಿಗರೇಟು ಬಿಟ್ಟನೆಂದು ಸುದ್ದಿ. ಹಾಗಾಗಿ ಅವಳ ಮಗ ಯಾದೆರ್‌ಗೆ ಅಪ್ಪನ ಜಾಗದಲ್ಲಿ ಮಾಮನೇ. ಪೀಚ್ ಹಣ್ಣಿನ ಗೋದಾಮಿನ ಗೋಡೆಗೆ ಚೆಂಡು ಹೊಡೆಯುವುದನ್ನು ಹುಡುಗನಿಗೆ ಕಲಿಸಿದವನು ನೇರಿಯೋ. ಮಳೆ ನಿಂತ ಮೇಲೆ ಅಂಕಣಕ್ಕೆ ಬಲೆ ಎಳೆದು ಮಣ್ಣು ಸಮ ಮಾಡುವುದನ್ನು ಕಲಿಸಿದವನೂ ಅವನೇ. ಚೆಂಡು ಗೆರೆಯ ಹತ್ತಿರ ಬಿದ್ದರೆ ಮಣ್ಣಿನ ಮೇಲಿನ ಗುರುತು ನೋಡಬೇಕು, ನೋಡಿ ಆದ ಕೂಡಲೇ ಬೂಟಿನಿಂದ ಒರೆಸಿಬಿಡಬೇಕು, ಇಲ್ಲವಾದರೆ ಮುಂದಿನ ಜಗಳಕ್ಕೆ ಹಳೆಯ ಗುರುತು ಸುಳ್ಳುಸಾಕ್ಷಿ ನುಡಿಯುತ್ತದೆ ಎಂಬುದನ್ನೂ ಅವನೇ ಹೇಳಿಕೊಟ್ಟ. ಎಲ್ಲಕ್ಕಿಂತ ಹೆಚ್ಚಾಗಿ ಕಲಿಸಿದ್ದು ಕಾಯುವುದನ್ನು. ಹಿಂದೆ ನಿಲ್ಲು, ಎಲ್ಲ ಚೆಂಡನ್ನೂ ವಾಪಸು ಕೊಡು, ಎದುರಿನವನು ತಪ್ಪುವ ತನಕ ಬಿಡಬೇಡ. "ಹಣ್ಣಾಗೋ ತನಕ ಕಾಯಿ, ಕಾಯಿ" ಎನ್ನುವುದು ಮಾಮನ ಮಂತ್ರ.

ಹುಡುಗ ಕಾದ, ಹಣ್ಣಾಯಿತು. ಹದಿನಾಲ್ಕಕ್ಕೆ ಪ್ರಾಂತ್ಯದ ಚಾಂಪಿಯನ್ ಆದ. ಹದಿನೆಂಟು ತುಂಬಿದ ಚಳಿಗಾಲದಲ್ಲಿ ಟುನೀಸಿಯಾದ ಒಂದು ಚಿಕ್ಕ ಪಂದ್ಯಾವಳಿಗೆ ಹೋಗಿ, ಹೊಟ್ಟೆ ಕೆಡಿಸಿಕೊಂಡೂ ಒಂದು ಸುತ್ತು ಗೆದ್ದು, ತನ್ನ ಮೊದಲ ವೃತ್ತಿಪರ ಪಾಯಿಂಟು ತಂದ. ಜಗತ್ತಿನ ಪಟ್ಟಿಯ ಬಾಲದ ತುದಿಯಲ್ಲಿ ಅವನ ಹೆಸರು ಬಂದ ದಿನ, ಬಾರಿನ ಎಜಿದ್ಯೋ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಾಫಿ ಯಂತ್ರದ ಮೇಲೆ ಅಂಟಿಸಿದ.

ಈಗ ಈ ಭಾನುವಾರದ ಆಟ. ಗೆದ್ದವನು ರೋಮಿಗೆ ಹೋಗುತ್ತಾನೆ. ಅಲ್ಲಿನ ದೊಡ್ಡ ಪಂದ್ಯಾವಳಿಗೆ ಇಂಥ ಹಳ್ಳಿ ಕ್ಲಬ್ಬುಗಳಿಂದಲೇ ಒಂದೊಂದು ಮೆಟ್ಟಿಲು ಹತ್ತಿ ಬರಲು ದಾರಿಯುಂಟು, ಇದು ಕೊನೆಯದಕ್ಕೆ ಹತ್ತಿರದ ಮೆಟ್ಟಿಲು. ರೋಮ್ ಎಂದರೆ ಎಲ್ಲರಿಗೂ ರೋಮಾಂಚನ. ಆದರೆ ನೇರಿಯೋಗೆ ಮಾತ್ರ ರೋಮದ ಜೊತೆಗೆ ಒಂದು ಚಿಂತೆಯೂ ಎದ್ದು ನಿಲ್ಲುತ್ತಿತ್ತು. ಕಳೆದ ತಿಂಗಳು ಉತ್ತರದ ದೊಡ್ಡ ಅಕಾಡೆಮಿಯಿಂದ ಒಬ್ಬ ತರಬೇತುದಾರ ಬಂದು, ಯಾದೆರ್‌ನ ಆಟ ನೋಡಿ, ಇವನು ಹಿಂದೆ ನಿಂತು ಯಾಕೆ ಕೊಳೆಯುತ್ತಿದ್ದಾನೆ, ಮುಂದೆ ಬರಬೇಕು ಎಂದಿದ್ದ. ರೋಮ್ ತಲುಪಿದರೆ ಜೂನಿನಿಂದ ಇವನನ್ನು ಅಕಾಡೆಮಿಗೆ ಸೇರಿಸಿಕೊಳ್ಳುತ್ತೇನೆ ಎಂದೂ ಹೇಳಿ ಹೋಗಿದ್ದ. ಅಂದರೆ ಗೆದ್ದರೆ ರೋಮ್, ರೋಮ್ ಆದರೆ ಅಕಾಡೆಮಿ, ಅಕಾಡೆಮಿ ಆದರೆ ನೇರಿಯೋನ ಸಂಜೆಗಳು ಖಾಲಿ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳದಿದ್ದರೂ ಒರಿಯೆಲ್ಲಾಗೆ ಗೊತ್ತಿತ್ತು. ಅವಳಿಗೆ ತಮ್ಮನ ಕೆಮ್ಮಿನಿಂದಲೇ ಅವನ ಮನಸ್ಸು ತಿಳಿಯುತ್ತಿತ್ತು.

ಕುರ್ಚಿ ಹತ್ತುವ ಮೊದಲು ನೇರಿಯೋ ಪಂದ್ಯಾವಳಿಯ ಮೇಲ್ವಿಚಾರಕಿ ಫೋಸ್ಕಾಳ ಹತ್ತಿರ ಹೋದ. ಫೋಸ್ಕಾ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಊರಿನ ಮುಕ್ಕಾಲು ಜನರ ಕಿವಿ ಹಿಂಡಿದವಳು.

"ಟೀಚರ್, ಆಡೋನು ನಮ್ಮಕ್ಕನ ಮಗ. ನಾನು ಕೂತ್ರೆ ಚೆನ್ನಾಗಿರಲ್ಲ."

"ಈ ಊರಲ್ಲಿ ಯಾರಾದ್ರೊಬ್ಬರ ಅಕ್ಕನ ಮಗ ಅಲ್ಲದೋನು ಯಾರಿದ್ದಾನೋ? ಬೇರೆಯವರೆಲ್ಲ ಊಟಕ್ಕೆ ಹೊರಟೋದ್ರು. ಭಾನುವಾರ ಮಧ್ಯಾಹ್ನ ಕಪ್ಪೆಲೆತ್ತಿ ಸಾರು ಬಿಟ್ಟು ಯಾರು ಬಂದು ಬಿಸಿಲಲ್ಲಿ ಒಣಗ್ತಾರೆ? ಸೋತಿದ್ದೀಯ, ಹತ್ತು."

ಎದುರಾಳಿ ತಾಂಕ್ರೇದಿ ಬೊಲೋನ್ಯಾದ ದೊಡ್ಡ ಕ್ಲಬ್ಬಿನ ಹುಡುಗ. ಬಿಳಿ ಬಟ್ಟೆ, ಆರು ರ‍್ಯಾಕೆಟ್ಟು, ಮಾತು ಕಡಿಮೆ. ಅವನ ಅಪ್ಪ ಹಲ್ಲಿನ ಡಾಕ್ಟರು. ಫೋಸ್ಕಾ ಅವರನ್ನೂ ಕೇಳಿದಳು. ಡಾಕ್ಟರು ಗಡಿಯಾರ ನೋಡಿಕೊಂಡರು.

"ನಂದೇನೂ ಅಭ್ಯಂತರ ಇಲ್ಲ. ಮಾಮ ಆದ್ರೂ ಸರಿ, ಅಜ್ಜಿ ಆದ್ರೂ ಸರಿ, ಬೇಗ ಶುರು ಮಾಡ್ಸಿ. ನಮ್ಮತ್ತೆ ಟೇಬಲ್ ಮೇಲೆ ತಟ್ಟೆ ಇಟ್ಕೊಂಡು ಕೂತಿದ್ದಾರೆ."

ಅತ್ತೆಯ ತಟ್ಟೆ ಅಂದು ಬಹಳ ಹೊತ್ತು ಖಾಲಿಯೇ ಇರಬೇಕಾಯಿತು. ಮೊದಲ ಸೆಟ್ಟು ತಾಂಕ್ರೇದಿಯದು, ಎರಡನೆಯದು ಯಾದೆರ್‌ನದು. ಮೂರನೆಯದರಲ್ಲಿ ಸೆಟ್ಟಿಗಿಂತ ಸಿಟ್ಟೇ ಜಾಸ್ತಿ. ಪೋಪ್ಲರ್ ಮರಗಳ ಹತ್ತಿ ಗಾಳಿಯಲ್ಲಿ ತೇಲಿ ಬಂದು ಅಂಕಣದ ಮೇಲೆ ಉರುಳುತ್ತಿತ್ತು, ಅದನ್ನು ಹೆಕ್ಕಿ ಎಸೆಯುವ ನೆಪದಲ್ಲಿ ಇಬ್ಬರೂ ಉಸಿರು ತೆಗೆದುಕೊಳ್ಳುತ್ತಿದ್ದರು. ಒರಿಯೆಲ್ಲಾ ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ನಿಂತಿದ್ದಳು. ಎಜಿದ್ಯೋ ತೊಳೆಯುತ್ತಿದ್ದ ಲೋಟವನ್ನು ಹಿಡಿದುಕೊಂಡೇ ಹೊರಗೆ ಬಂದವನು ಅದನ್ನು ಒಳಗಿಡಲು ಮರೆತಿದ್ದ.

ಮೇಲೆ ಕೂತ ನೇರಿಯೋನ ಪಾಡು ಬೇರೆ. ಹತ್ತು ವರ್ಷ ಬೇಲಿಯ ಹೊರಗಿನಿಂದ "ಕಾಯಿ" ಎಂದು ಕೂಗಿದ ಬಾಯಿ ಈಗ ಅಂಕಿಗಳನ್ನು ಮಾತ್ರ ಹೇಳಬೇಕು. ಅಂಕಿ ಹೇಳುವಾಗ ಅಂಕೆ ತಪ್ಪಬಾರದು. ಯಾದೆರ್ ಒಳ್ಳೆಯ ಹೊಡೆತ ಹೊಡೆದಾಗ ಅವನ ತೊಡೆಯ ಮೇಲಿನ ಕೈ ತಾನಾಗಿ ಎದ್ದು ಬರುತ್ತಿತ್ತು, ಅದನ್ನು ಇನ್ನೊಂದು ಕೈಯಿಂದ ಅದುಮಿಟ್ಟ.

ಮೂರನೆಯ ಸೆಟ್ಟು ಸಮವಾಗಿ ಟೈಬ್ರೇಕಿಗೆ ಹೋಯಿತು. ಯಾರು ಮೊದಲು ಏಳು ಪಾಯಿಂಟು ಮುಟ್ಟಿ, ಎರಡು ಪಾಯಿಂಟು ಮುಂದಿರುತ್ತಾರೋ ಅವರದು ರೋಮ್. ಯಾದೆರ್ ಆರು, ತಾಂಕ್ರೇದಿ ಐದು. ಇನ್ನೊಂದೇ ಒಂದು.

ಯಾದೆರ್ ಸರ್ವ್ ಮಾಡಿದ. ಚೆಂಡು ಹೋಯಿತು, ಬಂತು, ಹೋಯಿತು, ಬಂತು. ಕೇಳಿಸುತ್ತಿದ್ದುದು ಬೂಟುಗಳು ಮಣ್ಣಿನ ಮೇಲೆ ಜಾರುವ ಸದ್ದು ಮಾತ್ರ. ಕಡೆಗೆ ತಾಂಕ್ರೇದಿಯ ಒಂದು ಚೆಂಡು ಗಿಡ್ಡವಾಗಿ ಬಿತ್ತು, ಯಾದೆರ್ ಓಡಿಬಂದು ಪಕ್ಕದ ಗೆರೆಯ ಉದ್ದಕ್ಕೂ ಬಲವಾಗಿ ಬಾರಿಸಿದ. ತಾಂಕ್ರೇದಿಗೆ ಅದನ್ನು ಮುಟ್ಟಲೂ ಆಗಲಿಲ್ಲ. ಚೆಂಡು ಹಿಂದಿನ ಬೇಲಿಗೆ ಹೊಡೆಯಿತು.

ಕುರ್ಚಿಯಿಂದ ನೋಡಿದರೆ ಗೆರೆಯ ಮೇಲೆಯೇ ಬಿದ್ದಂತಿತ್ತು. ನೇರಿಯೋ ಏನೂ ಹೇಳಲಿಲ್ಲ. ಅಂಪೈರ್ ಏನೂ ಹೇಳದಿದ್ದರೆ ಚೆಂಡು ಒಳಗೆ ಎಂದೇ ಲೆಕ್ಕ. ಯಾದೆರ್ ರ‍್ಯಾಕೆಟ್ಟು ಮೇಲಕ್ಕೆಸೆದ. ಒರಿಯೆಲ್ಲಾ ಕಿರುಚಿದಳು. ಎಜಿದ್ಯೋನ ಕೈಯ ಲೋಟ ಕಡೆಗೂ ಕೆಳಗೆ ಬಿತ್ತು.

"ಔಟ್," ಎಂದ ತಾಂಕ್ರೇದಿ. ಅವನು ಅಲ್ಲೇ ನಿಂತು, ರ‍್ಯಾಕೆಟ್ಟಿನ ತುದಿಯಿಂದ ಮಣ್ಣಿನಲ್ಲಿ ಒಂದು ಗುರುತಿನ ಸುತ್ತ ವೃತ್ತ ಎಳೆಯುತ್ತಿದ್ದ. "ಬಂದು ನೋಡಿ."

ನೇರಿಯೋ ಇಳಿದ. ಬೆಳಗಿನ ಸೋಲಿನಿಂದ ಮಂಡಿಗಳು ಸೆಟೆದುಕೊಂಡಿದ್ದವು. ಅವನು ಅಂಕಣ ದಾಟಿ, ಕೈಗಳನ್ನು ತೊಡೆಗೆ ಊರಿ ಬಗ್ಗಿದ. ಗುರುತು ಸ್ಪಷ್ಟವಾಗಿತ್ತು, ಹೊಸದಾಗಿತ್ತು, ಮೊಟ್ಟೆಯಾಕಾರಕ್ಕಿತ್ತು. ಅದಕ್ಕೂ ಬಿಳಿ ಗೆರೆಗೂ ನಡುವೆ ಬೆರಳಿನ ಅಗಲದಷ್ಟು ಕೆಂಪು ಮಣ್ಣು, ಯಾರೂ ಮುಟ್ಟದ ನುಣ್ಣನೆಯ ಮಣ್ಣು. ಔಟ್.

ಅದನ್ನು ಕಂಡ ಕ್ಷಣ ನೇರಿಯೋನ ಎದೆಯಲ್ಲಿ, ಬಹಳ ದಿನದಿಂದ ಕಟ್ಟಿಕೊಂಡಿದ್ದ ಪೈಪು ಬಿಟ್ಟುಕೊಂಡು ನೀರು ಗಳಗಳ ಹರಿದಂತಾಯಿತು. ಹಾಗಾದರೆ ಹುಡುಗ ಹೋಗುವುದಿಲ್ಲ. ಜೂನಿನಲ್ಲೂ ಇಲ್ಲೇ ಇರುತ್ತಾನೆ. ಅಷ್ಟೇ ಹೊತ್ತಿನಲ್ಲಿ, ತಲೆ ಏನೂ ಹೇಳದಿದ್ದರೂ, ಮೂವತ್ತು ವರ್ಷದಿಂದ ಮಣ್ಣಿನಲ್ಲಿ ಆಡಿ ಮಣ್ಣು ಎಳೆದ ಅವನ ಬಲಗಾಲು ತನ್ನ ಕೆಲಸ ಮಾಡಿತು. ಬೂಟು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ. ಗುರುತು ಹೋಯಿತು.

ಯಾದೆರ್ ನೆಟ್ಟಿನ ಬದಿಯಿಂದ ಸುತ್ತಿ ಬಂದು ನೋಡುವಾಗ ಅಲ್ಲಿದ್ದುದು ಸಮವಾದ ಕೆಂಪು ನೆಲ.

"ಔಟ್," ಎಂದ ನೇರಿಯೋ. ಅವನ ದನಿ ಅವನಿಗೇ ಬೇರೆ ಯಾರದೋ ಎನ್ನಿಸಿತು.

"ಎಲ್ಲಿ?" ಎಂದ ಯಾದೆರ್. "ಮಾಮ, ಎಲ್ಲಿ? ತೋರ್ಸು."

ತೋರಿಸಲು ಏನಿದೆ? ಬೇಲಿಯ ಆಚೆಯಿಂದ ಒರಿಯೆಲ್ಲಾಳ ದನಿ ಬಂತು, ಸಮುದ್ರದ ರಸ್ತೆಯಲ್ಲಿ ಲಾರಿಗಳನ್ನು ನಿಲ್ಲಿಸುವ ದನಿ.

"ಒರೆಸ್ಬಿಟ್ಯಲ್ಲೋ! ಮಗು ನೋಡೋಕೆ ಮುಂಚೆ ಒರೆಸ್ಬಿಟ್ಯಲ್ಲೋ, ಕೊಳಾಯಿ ರಿಪೇರಿಯವ್ನೇ!"

"ಅಕ್ಕ, ಔಟ್ ಇತ್ತು. ನಾನು ನೋಡ್ದೆ."

"ನೋಡ್ದೆ! ನಿಂಗೆ ಬೇಕಾಗಿದ್ದನ್ನ ನೋಡ್ದೆ! ಅವ್ನು ಹೋದ್ರೆ ಸಾಯಂಕಾಲ ನಿಂಗೆ ದಿಕ್ಕಿಲ್ಲ ಅಂತ ನಂಗೊತ್ತಿಲ್ವಾ? ತೊಟ್ಲಲ್ಲಿಂದ ನೋಡಿದೀನಿ ನಿನ್ನ!"

"ಅಮ್ಮ, ಸುಮ್ನಿರು," ಎಂದ ಯಾದೆರ್. ಅವನ ಕಣ್ಣು ಮಾಮನ ಮುಖದ ಮೇಲಿಂದ ಕದಲಲಿಲ್ಲ.

ಹಲ್ಲಿನ ಡಾಕ್ಟರು ಮಾತ್ರ ಬೆಂಚಿನಿಂದ ಎದ್ದು ಕೈ ತಟ್ಟಿದರು. "ಸ್ವಂತ ಅಕ್ಕನ ಮಗನ ವಿರುದ್ಧ! ಇಂಥ ಪ್ರಾಮಾಣಿಕ ಮನುಷ್ಯನ್ನ ನಾನು ನೋಡೇ ಇಲ್ಲ!" ನೇರಿಯೋಗೆ ಅರಿವಳಿಕೆಯಿಲ್ಲದೆ ದವಡೆ ಹಲ್ಲು ಕಿತ್ತಂತಾಯಿತು.

ಗಲಾಟೆ ಕೇಳಿ ಫೋಸ್ಕಾ ಛತ್ರಿ ಹಿಡಿದು ಬಂದಳು. ಒರಿಯೆಲ್ಲಾಳ ಕಡೆ ಒಂದು ಸಲ ನೋಡಿದಳು. ಒರಿಯೆಲ್ಲಾ ಎರಡನೇ ತರಗತಿಯ ಹುಡುಗಿಯಂತೆ ಬಾಯಿ ಮುಚ್ಚಿದಳು.

"ಗುರುತು ಎಲ್ಲೋ?"

"ಒರೆಸ್ಬಿಟ್ಟೆ, ಟೀಚರ್."

"ಹುಡುಗ ನೋಡೋಕೆ ಮುಂಚೆ?"

"ಕಾಲು ಒರೆಸ್ತು. ನಾನಲ್ಲ."

"ಕಾಲನ್ನ ಮನೇಲಿ ಬಿಟ್ಟು ಬರ್ಬೇಕಿತ್ತು." ಅವಳು ಒಂದು ಹೆಜ್ಜೆ ಹತ್ತಿರ ಬಂದು ದನಿ ತಗ್ಗಿಸಿದಳು. "ನೋಡು ನೇರಿಯೋ. ಸರಿಯಾಗಿ ಕಾಣ್ಲಿಲ್ಲ ಅಂತ ಹೇಳಿದ್ರೆ ಈ ಪಾಯಿಂಟ್ ಮತ್ತೆ ಆಡಿಸ್ತೀನಿ. ಯಾರೂ ಏನೂ ಅನ್ನಲ್ಲ. ಕಾಣ್ತಾ, ಇಲ್ವಾ?"

ಬಾಗಿಲು ತೆರೆದಿತ್ತು. ಕಾಣಲಿಲ್ಲ ಎಂದರೆ ಸಾಕು. ಅಕ್ಕನಿಗೆ ಸಮಾಧಾನವಾಗುತ್ತದೆ, ಹುಡುಗನಿಗೆ ಇನ್ನೊಂದು ಅವಕಾಶ, ತನ್ನ ಎದೆಯೊಳಗೆ ಹರಿದ ಆ ನೀರಿಗೂ ಪ್ರಾಯಶ್ಚಿತ್ತವಾದಂತೆ. ಡಾಕ್ಟರೂ ಬಹುಶಃ ಅತ್ತೆಯ ಹೆದರಿಕೆಗೆ ಒಪ್ಪುತ್ತಿದ್ದರು. ನೇರಿಯೋ ಬಾಯಿ ತೆರೆದ. ಸಂತೋಷಪಟ್ಟದ್ದು ತಪ್ಪಿರಬಹುದು, ಆದರೆ ಆ ಬೆರಳಗಲದ ಮಣ್ಣು ತಪ್ಪಲ್ಲವಲ್ಲ.

"ಕಾಣ್ತು. ಔಟ್."

"ಹಾಗಾದ್ರೆ ಔಟ್. ಆರು, ಆರು. ಆಡಿ."

ನೇರಿಯೋ ಮತ್ತೆ ಮೇಲೆ ಹತ್ತಿದ. ಬದಿ ಬದಲಾಯಿಸುವ ಹೊತ್ತು. ಯಾದೆರ್ ಕುರ್ಚಿಯ ಕೆಳಗೇ ಹಾದುಹೋದ, ತಲೆಯೆತ್ತಲಿಲ್ಲ. ಮುಂದಿನ ಸರ್ವ್ ಕೂಡ ಅವನದೇ. ಸರ್ವ್ ಮಾಡಿದವನು ಎಂದಿನಂತೆ ಹಿಂದೆ ನಿಲ್ಲಲಿಲ್ಲ, ಕಾಯಲಿಲ್ಲ. ಚೆಂಡಿನ ಹಿಂದೆಯೇ ನೆಟ್ಟಿಗೆ ನುಗ್ಗಿದ. ತಾಂಕ್ರೇದಿ ಗಾಬರಿಯಲ್ಲಿ ವಾಪಸು ಕೊಟ್ಟದ್ದನ್ನು ಗಾಳಿಯಲ್ಲೇ ಹಿಡಿದು ಮೂಲೆಗೆ ಕತ್ತರಿಸಿ ಹಾಕಿದ.

"ಏಳು, ಆರು. ಯಾದೆರ್," ಎಂದ ನೇರಿಯೋ.

ಹುಡುಗ ಹೀಗೆ ಆಡಿದ್ದನ್ನು ಅವನು ನೋಡಿರಲಿಲ್ಲ. ಅಕಾಡೆಮಿಯವನು ಹೇಳಿದ್ದ ಆಟ ಇದು. "ಅದೆಲ್ಲ ಟಿವಿಯವ್ರಿಗೆ, ನಮ್ಮ ಮಣ್ಣಿಗಲ್ಲ" ಎಂದು ನೇರಿಯೋ ನಕ್ಕುಬಿಟ್ಟಿದ್ದ.

ಈಗ ತಾಂಕ್ರೇದಿಯ ಸರ್ವ್. ಮೊದಲನೆಯದು ನೆಟ್ಟಿಗೆ ಬಡಿಯಿತು. ಎರಡನೆಯದನ್ನು ಯಾದೆರ್ ಅಂಕಣದೊಳಗೆ ಹೆಜ್ಜೆಯಿಟ್ಟು ಬಾರಿಸಿ, ಮತ್ತೆ ಮುಂದಕ್ಕೆ ಓಡಿದ. ತಾಂಕ್ರೇದಿ ಚೆಂಡನ್ನು ಅವನ ತಲೆಯ ಮೇಲೆ ಎತ್ತಿದ. ಪೋಪ್ಲರ್ ಹತ್ತಿಯ ನಡುವೆ ಚೆಂಡು ಮೇಲೆ, ಇನ್ನೂ ಮೇಲೆ. ಒರಿಯೆಲ್ಲಾ ಕಣ್ಣು ಮುಚ್ಚಿಕೊಂಡಳು. ಯಾದೆರ್ ಹಿಂದೆ ಹಿಂದೆ ಸರಿದು, ನೆಗೆದು, ಇಷ್ಟೂ ಹೊತ್ತು ತುಂಬಿಕೊಂಡಿದ್ದ ಕೋಪವನ್ನೆಲ್ಲ ಒಂದೇ ಏಟಿಗೆ ಇಳಿಸಿದ. ಚೆಂಡು ಗೆರೆಯಿಂದ ಮಾರು ದೂರ ಒಳಗೆ ಬಿದ್ದು ಬೇಲಿ ಹಾರಿಹೋಯಿತು. ಅದಕ್ಕೆ ಯಾರೂ ಬಗ್ಗಿ ನೋಡಬೇಕಾಗಿರಲಿಲ್ಲ.

"ಗೇಮ್, ಸೆಟ್, ಮ್ಯಾಚ್," ಎಂದು ನೇರಿಯೋ ಹೇಳಬೇಕಾಗಿತ್ತು. ಹೇಳಿದ.

ಯಾದೆರ್ ಕುಣಿಯಲಿಲ್ಲ. ತಾಂಕ್ರೇದಿಯ ಕೈ ಕುಲುಕಿದ. ಅದಾದ ಮೇಲೆ ಅಂಪೈರಿನ ಕೈ ಕುಲುಕುವುದು ಪದ್ಧತಿ. ಹುಡುಗ ಬಂದು ಕುರ್ಚಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತ. ಕೈ ಕೊಡಲಿಲ್ಲ. ಕೈಕೊಟ್ಟವನು ತಾನೇ ಎಂದು ಒಳಗೊಳಗೇ ಅನ್ನಿಸುತ್ತಿದ್ದ ನೇರಿಯೋಗೆ, ಕೊಡೋ ಎಂದು ಕೇಳುವ ಮುಖವಿರಲಿಲ್ಲ.

"ಮಾಮ. ಔಟ್ ಇತ್ತಾ?"

"ಇತ್ತು."

"ಎಷ್ಟು?"

ನೇರಿಯೋ ಒಂದು ಬೆರಳು ಅಡ್ಡ ಹಿಡಿದು ತೋರಿಸಿದ.

"ಅದನ್ನ ನಂಬ್ತೀನಿ. ಸುಳ್ಳು ಹೇಳೋಕೆ ನಿಂಗೆ ಬರಲ್ಲ." ಯಾದೆರ್ ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡ. "ಆದ್ರೆ ಬಗ್ಗಿ ನೋಡ್ದೆಯಲ್ಲ, ಆಗ ನಿನ್ ಮುಖ ನೋಡ್ದೆ ನಾನು. ನೆಟ್ ಹತ್ರಾನೇ ಇದ್ದೆ."

"ಹೆಂಗಿತ್ತು?"

"ಕ್ರಿಸ್‌ಮಸ್ ಊಟಕ್ಕೆ ಕೂತ ಹಾಗಿತ್ತು."

ಬಿಸಿಲು ಕಣ್ಣಿಗೆ ಹೊಡೀತಿತ್ತು ಎನ್ನಬಹುದಿತ್ತು. ಮಂಡಿ ನೋವು ಎನ್ನಬಹುದಿತ್ತು. ನೇರಿಯೋ ಕುರ್ಚಿಯ ಕೈಯ ತುಕ್ಕನ್ನು ಉಗುರಿನಿಂದ ಕೆರೆದ.

"ಒಂದ್ ಗಳಿಗೆ ಖುಷಿ ಆಯ್ತು ಕಣೋ. ನೀನು ಹೋಗಲ್ಲ ಅಂತ. ಒಂದೇ ಗಳಿಗೆ."

ಯಾದೆರ್ ತನ್ನ ರ‍್ಯಾಕೆಟ್ಟಿನ ತಂತಿಗಳನ್ನು ಬೆರಳಿನಿಂದ ಸರಿಮಾಡುತ್ತ ನಿಂತ.

"ಅಮ್ಮಂಗೆ ಹೇಳ್ಬೇಡ," ಎಂದ ಕಡೆಗೆ. "ನೀನು ಮೋಸ ಮಾಡ್ದೆ ಅಂದ್ಕೊಂಡ್ರೆ ಒಂದಿನ ಕ್ಷಮಿಸ್ತಾಳೆ. ಇದನ್ನ ಕ್ಷಮಿಸಲ್ಲ."

"ನೀನು?"

"ಗೊತ್ತಿಲ್ಲ." ಮೆಟ್ಟಿಲಿನಿಂದ ಕಾಲು ತೆಗೆದ. ಎರಡು ಹೆಜ್ಜೆ ಹೋದವನು ತಿರುಗಿದ. "ರೋಮ್‌ಗೆ ಬಾ. ಆದ್ರೆ ನನ್ನ ಬೆನ್ನ ಹಿಂದೆ ಕೂತ್ಕೋ. ಆಡೋವಾಗ ನಿನ್ ಮುಖ ನಂಗೆ ಕಾಣ್ಬಾರ್ದು."

ನೇರಿಯೋ ಹೋದ. ಅಂಗಡಿಗೆ ಬೀಗ ಹಾಕಿ, ಊರಿನ ಬಚ್ಚಲುಗಳನ್ನು ಅವುಗಳ ಪಾಡಿಗೆ ಬಿಟ್ಟು, ಮಾತಾಡದ ಅಕ್ಕನ ಪಕ್ಕದ ಸೀಟಿನಲ್ಲಿ ಕೂತು ರೋಮಿನ ತನಕ ಗಾಡಿ ಓಡಿಸಿದ. ಮೊದಲ ಆಟಕ್ಕೆ ಚಿಕ್ಕ ಅಂಕಣ, ಸುತ್ತ ಪೈನ್ ಮರಗಳು. ಹುಡುಗನ ಬೆನ್ನ ಹಿಂದೆ, ತಡಿಕೆಯ ಪಕ್ಕದಲ್ಲಿ ಜಾಗ ಹಿಡಿದು ಕೂತ. ಒಂದು ಗೇಮ್ ಮುಗಿಯಿತು. ಆಟಗಾರರು ಬದಿ ಬದಲಾಯಿಸಿದರು. ಯಾದೆರ್ ಎದುರಿನ ತುದಿಗೆ ಹೋಗಿ, ಚೆಂಡು ಹಿಡಿದು, ನೇರ ಈ ಕಡೆಗೇ ಮುಖಮಾಡಿ ನಿಂತ.

ಬೆನ್ನ ಹಿಂದೆ ಕೂರು ಎಂದವನೂ, ಹೂಂ ಎಂದವನೂ ಇಬ್ಬರೂ ಟೆನಿಸ್ಸಿನಲ್ಲೇ ಬೆಳೆದವರು. ಇದು ಇಬ್ಬರಿಗೂ ಹೊಳೆದಿರಲಿಲ್ಲ. ನೇರಿಯೋ ಎದ್ದು, ಬಗ್ಗಿ, ಜನರ ಕಾಲು ತುಳಿಯುತ್ತ, ಇಡೀ ಅಂಕಣವನ್ನು ಸುತ್ತುಹಾಕಿ ಆ ತುದಿಗೆ ಹೋದ. ಎರಡು ಗೇಮ್ ಆಗುವಷ್ಟರಲ್ಲಿ ಮತ್ತೆ ಈ ತುದಿಗೆ. ಮತ್ತೆ ಆ ತುದಿಗೆ.

"ಏನ್ರೀ, ಎಲ್ಲಿ ಕೂತ್ರೂ ಬಿಸಿಲಾ ನಿಮ್ಗೆ?" ಎಂದು ಟೋಪಿ ಹಾಕಿದ ರೋಮಿನ ಮುದುಕನೊಬ್ಬ ಕೇಳಿದ.

"ಅಲ್ಲ, ಅಲ್ಲಿ ಕೂತ್ರೆ ಹುಡ್ಗ ನನ್ನ ನೋಡ್ಬಿಡ್ತಾನೆ."

"ನೋಡಿದ್ರೆ ಏನಾಗುತ್ತೆ? ಅವ್ನ ಹತ್ರ ಸಾಲ ಮಾಡಿದ್ದೀರಾ?"

"ಅಲ್ಲ, ನಾನು ಅವ್ನ ಮಾಮ."

ಮುದುಕನಿಗೆ ಅಷ್ಟು ಸಾಕಾಯಿತು. ಮುಂದಿನ ಸಲ ಅವನೇ ಕಾಲು ಮಡಚಿ ದಾರಿ ಬಿಟ್ಟ.

ಯಾದೆರ್ ಎರಡು ಸುತ್ತು ಗೆದ್ದು ಮೂರನೆಯದರಲ್ಲಿ ಸೋತ. ಕೊನೆಯ ಚೆಂಡು ನೆಟ್ಟಿನ ಪಟ್ಟಿಗೆ ತಾಗಿ ಅವನ ಕಡೆಗೇ ಬಿದ್ದಾಗ ನೇರಿಯೋ ಅವನ ಬೆನ್ನ ಹಿಂದೆ ನಿಂತಿದ್ದ. ಮುಖದಲ್ಲಿ ಮತ್ತೆ ಆ ಖುಷಿ ಮೂಡಿದೆಯೋ ಎಂದು ಅವನಿಗೆ ಭಯವಾಯಿತು. ಕೈಯೆತ್ತಿ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡ, ಬಾಯಿಯ ಅಂಚು ಮುಟ್ಟಿ ನೋಡಿಕೊಂಡ. ತಿಳಿಯಲಿಲ್ಲ. ಜನರನ್ನು ತಳ್ಳಿಕೊಂಡು ಒರಿಯೆಲ್ಲಾ ಕೂತಿದ್ದಲ್ಲಿಗೆ ಬಂದ.

"ಅಕ್ಕ, ನನ್ ಮುಖ ಹೆಂಗಿದೆ? ನಿಜ ಹೇಳು."

ಆ ಭಾನುವಾರದಿಂದ ಅವನೊಡನೆ ಮಾತು ಬಿಟ್ಟಿದ್ದ ಒರಿಯೆಲ್ಲಾ ತಲೆಯೆತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು.

"ವಾಷರ್ ಹೋದ ನಲ್ಲಿ ಇದ್ದಂಗಿದೆ," ಎಂದು ತನ್ನ ಕರವಸ್ತ್ರ ಕೊಟ್ಟಳು.

ಜೂನಿನಲ್ಲಿ ಯಾದೆರ್ ಉತ್ತರಕ್ಕೆ ಹೋದ. ಮುಂದಿನ ವರ್ಷಗಳಲ್ಲಿ ಕಾಫಿ ಯಂತ್ರದ ಮೇಲಿನ ಚೀಟಿಯನ್ನು ಎಜಿದ್ಯೋ ಬದಲಾಯಿಸುತ್ತಲೇ ಇರಬೇಕಾಯಿತು. ಹೆಸರಿನ ಮುಂದಿನ ಸಂಖ್ಯೆ ನಾಲ್ಕಂಕಿಯಿಂದ ಮೂರಕ್ಕೆ, ಮೂರರಿಂದ 'ಎಪ್ಪತ್ತೊಂಬತ್ತು' ಎಂಬ ಎರಡಕ್ಕೆ ಇಳಿಯಿತು. ಈಗ ಅವನ ಆಟ ರೋಮಿನ ದೊಡ್ಡ ಅಂಕಣದಲ್ಲಿ. ವರ್ಷಕ್ಕೊಮ್ಮೆ ಎರಡು ಟಿಕೇಟು ಅಂಚೆಯಲ್ಲಿ ಬರುತ್ತವೆ, ಎರಡೂ ನೇರಿಯೋಗೆ: ಈ ತುದಿಯದೊಂದು, ಆ ತುದಿಯದೊಂದು. ಜೊತೆಯಲ್ಲಿ ಒಂದು ಮಾತೂ ಬರೆದಿರುವುದಿಲ್ಲ. ಅಲ್ಲಿನ ಕಾವಲಿನ ಹುಡುಗರು ಬಹಳ ಕಟ್ಟುನಿಟ್ಟು. ಆಟಗಾರರು ಬದಿ ಬದಲಾಯಿಸುವಾಗಲ್ಲದೆ ಯಾರನ್ನೂ ಜಾಗ ಬಿಟ್ಟು ಏಳಗೊಡುವುದಿಲ್ಲ. ನೇರಿಯೋಗೆ ಬೇಕಾದದ್ದೂ ಅಷ್ಟೇ.